ಹದಿಮೂರನೇ ಕಂತು ನನ್ನ ಹತ್ತಿರವೇ ಇದೆ

ಮಲ್ಲಂದೂರು, ಜೂನ್ ೨೦೦೪

ಧಾರಾವಾಹಿ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು, ಕ್ಷಮಿಸಿ. ನಮ್ಮೂರ ಶಾಲೆಯಲ್ಲಿ ಇದ್ದದ್ದು ನಾಲ್ಕೇ ತರಗತಿ. ಆದರೂ ನನ್ನ ಇನ್ನೂರು ಪುಟದ ನೋಟ್‌ಬುಕ್ಕನ್ನು ತಾವು ಬಹಳ ಶ್ರದ್ಧೆಯಿಂದ ಓದಿದ್ದೀರಿ ಎಂಬುದು ಕಳೆದ ಶುಕ್ರವಾರ ಟಿ.ವಿ. ನೋಡಿದಾಗ ಖಾತ್ರಿಯಾಯಿತು. ತಾವು ನನ್ನ ಕಥೆಯನ್ನು ಕದ್ದಿದ್ದೀರಿ.

ನೆನಪಿಲ್ಲವೇ? ಹೋದ ನವೆಂಬರಿನಲ್ಲಿ ತಾವು ಇಲ್ಲಿನ ಎಸ್ಟೇಟ್ ಬಂಗಲೆಗೆ ಅತಿಥಿಯಾಗಿ ಬಂದಿದ್ದಿರಿ. ಕಳಸದಲ್ಲಿ ಮದುವೆ ವೀಡಿಯೊ ತೆಗೆಯುವ ಓಂಕಾರಮೂರ್ತಿಯವರು ನನ್ನನ್ನು ಕರೆತಂದರು. ಹದಿಮೂರು ಕಂತಿನ ಧಾರಾವಾಹಿ ಮಾಡಬೇಕೆಂದು ನಾವಿಬ್ಬರು ಮೂರು ವರ್ಷದಿಂದ ಒದ್ದಾಡುತ್ತಿದ್ದೆವು. ನಾನು ನೋಟ್‌ಬುಕ್ ಹಿಡಿದು ತಲೆ ಎತ್ತದೆ ನಿಂತಿದ್ದೆ.

"ಎಷ್ಟು ಓದಿದೀಯಮ್ಮ?"

"ನಾಲ್ಕು."

"ಕ್ಯಾಮೆರಾ ಮದುವೆಮನೆಯದ್ದು, ಕಥೆ ನಾಲ್ಕನೇ ಕ್ಲಾಸಿಂದು. ಜೋಡಿ ಚೆನ್ನಾಗಿದೆ!" ಎಂದು ನಕ್ಕಿರಿ. "ಇಟ್ಟು ಹೋಗು, ನೋಡೋಣ."

ಇಟ್ಟು ಬಂದೆ. ಅದು ನನ್ನ ಚಿಕ್ಕಮ್ಮ ಗಿಡ್ಡಮ್ಮನ ಕಥೆ. ಕಾಫಿ ಕೊಯ್ಲಿನ ನಡುವೆ "ತೂಕ ಹಾಕಿಡಿ ಮೇಸ್ತ್ರಿ, ಬಂದೆ" ಎಂದು ಹೇಳಿ ತೋಟದಿಂದ ನಡೆದುಹೋದವಳು, ತಿರುಗಿ ಬಂದದ್ದು ಏಳು ವರ್ಷಕ್ಕೆ. ಎಲ್ಲಿದ್ದಳೆಂದು ಸಾಯುವ ಮೊದಲು ನನಗೊಬ್ಬಳಿಗೇ ಹೇಳಿದಳು.

ಮಾರ್ಚಿನಲ್ಲಿ ಬೆಂಗಳೂರಿನಿಂದ ನಿಮ್ಮ ತಂಡ ಬಂತು. ಹಿಂದೆ ನಿಲ್ಲಲು ಹೆಂಗಸರು ಬೇಕೆಂದು ನಮ್ಮನ್ನೂ ಕರೆದರು. ನಾಯಕಿಯ ಹೆಸರು ಧನ್ಯಾ. ಕ್ಯಾಮೆರಾ ತಿರುಗಿತು, ಆಕೆ ಬಾಯಿಬಿಟ್ಟಳು: "ತೂಕ ಹಾಕಿಡಿ ಮೇಸ್ತ್ರಿ, ಬಂದೆ." ಕಥೆ ಯಾರದು ಎಂದು ನಿಮ್ಮವರನ್ನು ಕೇಳಿದೆ. ತಮ್ಮ ತಂಗಿಯ ಮಗನದಂತೆ! ಎಂಥ ಪ್ರತಿಭಾವಂತ ಮನೆತನ!

ಅಲ್ಲಿಯೇ ಕೂಗಿದ್ದರೆ ಯಾರು ನಂಬುತ್ತಿದ್ದರು? ಆದರೆ ದೇವರು ಇನ್ನೊಂದು ದಾರಿ ಕೊಟ್ಟ. ಕಾಫಿ ಕೊಯ್ಲೆಂದರೆ ಹಣ್ಣು ಬಿಡಿಸುವುದು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಬರೆಯುವುದೇಕೆಂದು ನಾನು ನೋಟ್‌ಬುಕ್ಕಿನಲ್ಲಿ 'ಕೊಯ್ಲು' ಎಂದಷ್ಟೇ ಬರೆದಿದ್ದೆ. ಗಿಡದಲ್ಲಿ ಒಂದು ಹಣ್ಣೂ ಇಲ್ಲದ ತಿಂಗಳಲ್ಲಿ ಬಂದ ನಿಮ್ಮ ನಿರ್ದೇಶಕರು ನಮ್ಮ ಬೆನ್ನಿಗೆ ಬಿದಿರಿನ ಬುಟ್ಟಿ ಕಟ್ಟಿಸಿ, ಟೀ ತೋಟದ ಹಾಗೆ ಎಲೆ ಕೀಳಿಸಿದರು!

"ಏ ಮಾರಾಯ್ತಿ," ಎಂದು ಪಕ್ಕದ ತಿಮ್ಮಮ್ಮ ಪಿಸುಗುಟ್ಟಿದಳು, "ಎಲೆ ಕುದಿಸಿ ಕಾಫಿ ಕುಡೀತಾರಾ ಇವರು?"

ನಿರ್ದೇಶಕರು ನನ್ನ ಕಡೆ ತಿರುಗಿ "ಸರಿ ಇದೆಯೇನಮ್ಮ?" ಎಂದರು.

ಹುಟ್ಟಿದ ಮೇಲೆ ಮೊದಲ ಸಲ ಹತ್ತು ಜನರೆದುರು ಗಟ್ಟಿಯಾಗಿ ಮಾತಾಡಿದೆ: "ಬಹಳ ಸರಿ ಇದೆ ಸಾರ್. ಇನ್ನೂ ಸ್ವಲ್ಪ ಎಲೆ ಕೀಳೋಣ."

ಶುಕ್ರವಾರ ಅದು ಪ್ರಸಾರವಾಯಿತು. ಮೂಡಿಗೆರೆಯಿಂದ ಕಳಸದವರೆಗೆ ನಗದ ಮನೆಯಿಲ್ಲ. ಬಸ್ಸಿನಲ್ಲಿ ಕಂಡಕ್ಟರು "ಎಲೆ ಕೀಳೋರು ಇಳ್ಕೊಳ್ರಿ" ಎನ್ನುತ್ತಾನೆ. ನನ್ನ ಹೆಸರು ಹಾಕದೆ ಬಿಟ್ಟಿರಿ, ಈ ನಗೆಯಾದರೂ ನನ್ನದೇ. ಪಶ್ಚಾತ್ತಾಪ ನನಗಿಲ್ಲ.

ಈಗ ಕೇಳಿ. ತಮ್ಮ ಸಮಿತಿ ಮಂಜೂರು ಮಾಡಿರುವುದು ಹದಿಮೂರು ಕಂತು. ನನ್ನ ನೋಟ್‌ಬುಕ್ಕಿನಲ್ಲಿ ಇರುವುದು ಹನ್ನೆರಡು. ಚಿಕ್ಕಮ್ಮ ಎಲ್ಲಿದ್ದಳೆಂಬುದು ಹದಿಮೂರನೆಯದರಲ್ಲಿದೆ, ಅದು ಇನ್ನೂ ನನ್ನ ತಲೆಯಲ್ಲಿದೆ. ಬರುವ ಶುಕ್ರವಾರದಿಂದ ಪರದೆಯ ಮೇಲೆ ನನ್ನ ಹೆಸರು ಬರಬೇಕು. ನೋಟ್‌ಬುಕ್ ವಾಪಸು ಬರಬೇಕು. ಕೊನೆಯ ಕಂತನ್ನು ಓಂಕಾರಮೂರ್ತಿಯವರೇ ನಿರ್ದೇಶಿಸಬೇಕು. ಆಗದಿದ್ದರೆ ಹದಿಮೂರನೇ ವಾರ ತಾವೇ ಪರದೆಗೆ ಬಂದು "ನನಗೂ ಗೊತ್ತಿಲ್ಲ" ಎಂದು ಜನರಿಗೆ ಹೇಳಿ. ಅಥವಾ ಪ್ರತಿಭಾವಂತ ಅಳಿಯನನ್ನು ಕೇಳಿ.

ಇವತ್ತು ಬೆಳಿಗ್ಗೆ ನಾನು ಅಂಗಳ ಗುಡಿಸುವಾಗ ತಮ್ಮ ಜೀಪು ಬಂತು. ಡ್ರೈವರ್ ಹೊಸಬ. "ಇಲ್ಲಿ ಕಥೆ ಬರಿಯೋ ಪ್ರೇಮಕುಮಾರಿ ಅಂತ ಯಾರಮ್ಮ? ಕೊನೇ ಭಾಗ ಇಸ್ಕೊಂಡು ಬಾ ಅಂದಿದಾರೆ ಸಾಹೇಬ್ರು" ಎಂದ. "ಅವಳು ವಸ್ತಾರೆಗೆ ಹೋದಳಲ್ಲ ಅಣ್ಣ" ಎಂದೆ. ಪಾಪ, ಅವನದೇನು ತಪ್ಪು? ಒಂದು ಲೋಟ ನೀರು ಕೊಟ್ಟು, ವಸ್ತಾರೆಯ ದಾರಿಯನ್ನು ಸರಿಯಾಗಿಯೇ ತೋರಿಸಿದೆ.

ಇಂತಿ,
ತಾವು ಓದಿ ಮರೆತ ನಾಲ್ಕನೇ ಕ್ಲಾಸು,
ಪ್ರೇಮಕುಮಾರಿ