ಉಟ್ಟು ಹಳೇದಾದ ಸೀರಿ

ಸವಿತಾನ ಅವ್ವ,

ಹಾಂ, ಆ ಬ್ಲಾಂಕೆಟ್ಟಿನ ಮಾತು ನಿನ್ನೆ ಪತ್ರದಾಗ ಅರ್ಧಕ್ಕೇ ನಿಂತಿತ್ತಲ್ಲ. ಅಗದಿ ಛಲೋದೇ ತಗೊಂಡಿದ್ದೆ, ಅಣ್ಣಿಗೇರಿ ಪ್ಯಾಟ್ಯಾಗ. ಮುಟ್ಟಿದರೆ ಬೆಕ್ಕಿನ ಮೈ ಇದ್ದಂಗ. ನೀನಿದ್ದರೆ ತಿರುವಿ ತಿರುವಿ ನೋಡಿ, ಒಮ್ಮೆ ಒಗದ ಮ್ಯಾಲ ಹೇಳ್ರಿ ಅಂತಿದ್ದಿ.

ತಡಿ, ಮೊದಲಿಂದ ಹೇಳತೀನಿ. ನಮ್ಮ ಸವಿತಾಗ ಕಲಘಟಗಿ ಕಡೆ ಒಂದು ಗೌಳಿದಡ್ಡಿ ಸಾಲಿಗೆ ವರ್ಗ ಆತು. ಎಮ್ಮಿ ಕಾಯೋ ಗೌಳಿ ಮಂದಿಯ ಹತ್ತಿಪ್ಪತ್ತು ಗುಡಿಸಲು, ಅಡವಿ ಅಂಚಿಗೆ. ಮಗಳ ಸಾಲಿ ನೋಡೂಣು ಅಂತ ಹೋದೆ. ನಮ್ಮ ಎರಿಹೊಲದ ಸೀಮಿ ದಾಟಿ ಎರಡು-ಮೂರು ತಾಸಿನ ದಾರಿ ಅಷ್ಟೇ. ಇಷ್ಟು ಸಮೀಪದಾಗ ಹಿಂಗೂ ಇರತಾರೇನು ಮಂದಿ? ಗ್ವಾಡಿ ಅಂದರೆ ಕಟಗಿ, ಮ್ಯಾಲ ಸಗಣಿ. ಎಮ್ಮಿ ಒಂದು ಕಡೆ, ಮಂದಿ ಒಂದು ಕಡೆ.

ಸಾಲಿ ಬಾಜೂಕ ಜನಾಬಾಯಿ ಅಂತ ಒಬ್ಬ ಮುದುಕಿ ಬಾಗಿಲಾಗ ಕೂತು ಕೌದಿ ಹೊಲಿಯಾಕತ್ತಿದ್ದಳು. ಮೊಮ್ಮಗಳಿಗೆ ದಿನ ತುಂಬಿದ್ದವು, ಹುಟ್ಟೋ ಕೂಸಿಗೆ ಕೌದಿ. ಪದರಿನಾಗ ಏನು ಹಾಕ್ಯಾಳ ಅಂತ ಬಗ್ಗಿ ನೋಡಿದರೆ, ಗೊಬ್ಬರದ ಚೀಲ. ಪ್ಲಾಸ್ಟಿಕ್ಕಿನದು, ಮ್ಯಾಲ ಕಂಪನಿ ಅಕ್ಷರ ಹಂಗೇ ಇದ್ದವು. ಸವಿತಾ ಹುಟ್ಟೋ ಮುಂದ ನೀ ನಮ್ಮವ್ವನ ಸೀರಿ ಮಡಚಿ ಮಡಚಿ ಹೊಲಿದಿದ್ದಿಯಲ್ಲ, ಅದು ನೆನಪಾಗಿ ನನಗ...

ಮುಂದಿನ ವಾರವೇ ಬ್ಲಾಂಕೆಟ್ ಹೊತಗೊಂಡು ಮತ್ತ ಹೋದೆ. ಜನಾಬಾಯಿ ಬಿಚ್ಚಿ ನೋಡಿ ನಕ್ಕಳು, ಎಮ್ಮಿಕರ ಮಲಗಿದ್ಹಂಗ ಐತಿ ಅಂದಳು. ಬಂದವರಿಗೆ ಹಾಸಾಕ ಆತು ಅಂತ ಮಡಚಿ ಹಲಗಿ ಮ್ಯಾಲ ಇಟ್ಟಳು. ಆಮ್ಯಾಲ ಸಾವಕಾಶ ಕೇಳಿದಳು:

"ಹಸಿ ಕೂಸಿನ ಮೈಗೆ ಹೊಸಾ ಅರಿವಿ ಹಾಕಂಗಿಲ್ರಿ ಅಣ್ಣಾರ. ನಿಮ್ಮ ಮನಿ ಬಾಯಾರು ಉಟ್ಟು ಹಳೇದು ಮಾಡಿದ ಸೀರಿ ಇದ್ರ ಕೊಡ್ರಿ. ನಮ್ಮವು ಹರದು ಚಿಂದಿ ಆಗ್ಯಾವು."

"ನಮ್ಮನ್ಯಾಗ ಹಳೇ ಸೀರಿ ಇಲ್ಲ," ಅಂದುಬಿಟ್ಟೆ.

ಸವಿತಾ ಅಲ್ಲೇ ನಿಂತಿದ್ದಳು. ನಿನ್ನ ಸೀರಿ ತುಂಬಿದ ಟ್ರಂಕು ಆಕಿಗೆ ಗೊತ್ತಿಲ್ಲೇನು? ರಸ್ತಾತನಕ ನನ್ನ ಬಿಟ್ಟು ಮುಂದ ಮುಂದ ನಡದಳು. ಬಸ್ ಬಂದಾಗ ಅಷ್ಟೇ ಅಂದಳು, "ಅಪ್ಪಾ, ಅವ್ವ ಇದ್ದಿದ್ರ ಅಲ್ಲೇ ಸೆರಗು ಹರದು ಕೊಡತಿದ್ದಳು."

ಕಾಲೇಜಿನಾಗ ನಮ್ಮ ಇಂಗ್ಲಿಷ್ ಮಾಸ್ತರು 'ಯೂಸ್ಡ್ ಟು' ಅಂತ ಒಂದು ಪಾಠ ಮಾಡಿದ್ದರು. ಒಂದು ಅರ್ಥ, ಮೊದಲು ಹಂಗಿತ್ತು, ಈಗಿಲ್ಲ. ಇನ್ನೊಂದು ಅರ್ಥ, ರೂಢಿ ಆಗೇದ. ಯಾವುದರ ಹಿಂದ 'ಆ್ಯಮ್' ಹಚ್ಚಬೇಕು, ಮರತೀನಿ. ನನ್ನ ಇಂಗ್ಲಿಷ್ ಸೋರೋ ಕೊಡ ಅಂತ ನೀನೇ ನಗತಿದ್ದಿ. ಆದರೂ, ನೀನಿಲ್ಲದ ಈ ಮನಿ, ಎರಡರಾಗ ಯಾವುದು ಅನ್ನಲಿ?

ಇವತ್ತ ಮಧ್ಯಾಹ್ನ ಸವಿತಾ ಫೋನ್ ಮಾಡಿದ್ದಳು. ಜನಾಬಾಯಿ ಮೊಮ್ಮಗಳಿಗೆ ಹೆಣ್ಣು ಕೂಸಂತ. ತಾಯಿ ಮಗಳು ಇಬ್ಬರೂ ಆರಾಮ. ಕೌದಿ ಇನ್ನೂ ಅರ್ಧಕ್ಕೇ ಅದ.

ಆವಾಗಿಂದ ಟ್ರಂಕು ತೆಗದು ಕೂತೀನಿ. ಮೊದಲು ಇಳಕಲ್ಲಿನವು, ರೇಶಿಮಿ ಸೆರಗಿನವು ಎಲ್ಲಾ ಗಂಟು ಕಟ್ಟಿದೆ. ನೀ ದಿನಾ ಉಡತಿದ್ದ ಆ ಜಾಂಬಳಿ ಬಣ್ಣದ ಸೀರಿ, ನಿರಿಗಿ ಹತ್ತರ ತ್ಯಾಪಿ ಹಚ್ಚಿದ್ದು, ಅದೊಂದು ನನಗಿರಲಿ ಅಂತ ಬಾಜೂಕ ಇಟ್ಟೆ. ಆಮ್ಯಾಲ ಗಂಟು ನೋಡತೀನಿ, ಎಲ್ಲಾ ವರ್ಷಕ್ಕೊಮ್ಮೆ ಉಟ್ಟವು, ಇನ್ನೂ ಗಂಜಿ ಬಿಟ್ಟಿಲ್ಲ. ಮತ್ತ ಬ್ಲಾಂಕೆಟ್ಟಿನ ಕತಿಯೇ ಆತಲ್ಲ! ಬಿಚ್ಚಿದೆ. ಬಾಜೂಕ ಇಟ್ಟದ್ದೂ ಸೇರಿ ಎಲ್ಲಾ ಕಲಸಿ ಹೋದವು.

ಬರಕೋತ ಕೂತು ಲಕ್ಷ್ಯ ಇರಲಿಲ್ಲ, ಬೆಳಕು ಹೋಗಾಕತ್ತೇದ. ಮುಂಜಾನೆ ಮೊದಲನೇ ಬಸ್ಸಿಗೇ ಹೋಗತೀನಿ. ಈಗ ಸೀರಿಗಳ ಬಣ್ಣ ಕಾಣವಲ್ದು. ಕೈಯಾಡಿಸಿದರೆ ಒಂದೇ ಒಂದು ಮೆತ್ತಗ ಹತ್ತತದ. ಅದನ್ನ ಮಡಚಿ ಚೀಲದಾಗ ಇಟ್ಟೀನಿ.