ನಾಯಿಮರಿಗೆ ಬೇಯಿಸಿದ ಮೀನು

ಲೇಕ್ ಗಾರ್ಡನ್ಸ್, ಕೋಲ್ಕತ್ತ
13 ನವೆಂಬರ್ 2024

ಚಿರಂಜೀವಿ ರಾಜೇಶನಿಗೆ,

ಅಮ್ಮನ ಮನಸಾರೆ ಆಶೀರ್ವಾದ. ನಿನ್ನ ಅಪ್ಪನ ಮೊಣಕಾಲು ಒಂದನ್ನು ಬಿಟ್ಟರೆ ಇಲ್ಲಿ ಉಳಿದದ್ದೆಲ್ಲ ಕ್ಷೇಮ. ದುರ್ಗಾಪೂಜೋ ಸಮಯಕ್ಕೇ ಬರೆಯಬೇಕೆಂದು ಕೂತವಳು ನಾನು, ಕಾಳಿಪೂಜೆಯೂ ಕಳೆದುಹೋಯಿತು. ತಡವಾಯಿತೆಂದು ಬೇಸರಿಸಬೇಡ. ಫೋನು ನೀನು ಎತ್ತುವುದಿಲ್ಲ, ಇದೇ ಊರಿನಲ್ಲಿದ್ದರೂ ನಿನ್ನ ಮನೆಯ ವಿಳಾಸ ನನಗೆ ತಿಳಿಯದು. ಅದಕ್ಕೇ ಬಿಬಿಡಿ ಬಾಗ್‌ನಲ್ಲಿ ನೀನು ಕೆಲಸ ಮಾಡುವ ಬ್ಯಾಂಕಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಕನ್ನಡ ಓದುವುದು ನಿನಗೆ ನಿಧಾನವೆಂದು ಅಕ್ಷರ ಬಿಡಿಸಿ ದಪ್ಪಗೆ ಬರೆದಿದ್ದೇನೆ, ಕೂಡಿಸಿಕೊಂಡು ಓದು.

ಸುದ್ದಿ ಏನೆಂದರೆ, ನಮ್ಮ ಮನೆಗೆ ಒಂದು ನಾಯಿಮರಿ ಬಂದಿತ್ತು. ನಗಬೇಡ. ಶೋಭನಾ ನೆನಪಿದ್ದಾಳಲ್ಲ, ಭಾನುವಾರ ನಮ್ಮ ಹೋಟೆಲಿಗೆ ಗೋಳಿಬಜೆಗೆಂದೇ ಬರುತ್ತಿದ್ದ ಮಂಗಳೂರಿನ ಹುಡುಗಿ, ಬೀದಿನಾಯಿಗಳ ಉಪಚಾರ ಮಾಡುವವಳು? ಕಾಳಿಪೂಜೆಯ ಪಟಾಕಿಗೆ ಹೆದರಿ ಸ್ಟೇಷನ್ನಿನ ಹತ್ತಿರ ಚರಂಡಿಗೆ ಇಳಿದಿದ್ದ ಮರಿಯನ್ನು ಎತ್ತಿಕೊಂಡು ನೇರವಾಗಿ ಇಲ್ಲಿಗೇ ಬಂದಳು. ಕಂದು ಬಣ್ಣ. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು.

"ಸ್ವಲ್ಪ ದಿನ ಇಟ್ಟು ನೋಡಿ ಅಂಕಲ್. ಸಾಕ್ಲಿಕ್ಕೆ ಆಗ್ತದಾ ಇಲ್ವಾ ಅಂತ ಆಮೇಲೆ ಹೇಳಿ. ಆದ್ರೆ ಒಮ್ಮೆ ಹೂಂ ಅಂದ್ರೆ ಅದು ಬದುಕಿರುವವರೆಗೂ ಹೂಂ" ಎಂದಳು.

"ದೇವರ ಕೋಣೆ ಇರುವ ಮನೆಯಲ್ಲಿ ನಾಯಿಯಾ? ಎಂತ ಮಾತು ಮಾರಾಯ್ತಿ!" ಎಂದು ನಿನ್ನ ಅಪ್ಪ ಒಂದು ಸುತ್ತು ಹಾರಾಡಿದರು. ಸಂಜೆಗೆ ನೋಡಿದರೆ ತಮ್ಮ ಹಳೆಯ ಪಂಚೆ ಹರಿದು ಬಾಲ್ಕನಿಯಲ್ಲಿ ಹಾಸಿಗೆ ಮಾಡುತ್ತಿದ್ದರು. ಹೋಟೆಲನ್ನು ಚಿಕ್ಕಪ್ಪನಿಗೆ ಬಿಟ್ಟುಕೊಟ್ಟ ಮೇಲೆ ಅವರಿಗೆ ಬೈಯಲು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ, ಪಾಪ.

ತೊಂದರೆ ಬಂದದ್ದು ಊಟದ್ದು. ಮೊಸರನ್ನ ಹಾಕಿದೆ, ಮೂಸಿ ಮುಖ ತಿರುಗಿಸಿತು. ಇಡ್ಲಿ ಹಾಲಿನಲ್ಲಿ ಕಿವುಚಿ ಕೊಟ್ಟೆ, ಅದೂ ಬೇಡ. ಎಲುಬು ಎದ್ದು ಕಾಣತೊಡಗಿತು. ಪ್ರಾಣಿಗಳ ಆಸ್ಪತ್ರೆಗೆ ಒಯ್ದೆವು, ಡಾಕ್ಟರ್ ಬಾಬು ನೋಡಿ ನಕ್ಕುಬಿಟ್ಟರು. "ಮಾಸಿಮಾ, ಬಂಗಾಳದ ನಾಯಿ ಇದು. ಏಕ್ಟು ಮಾಛ್ ದಿನ್" ಎಂದರು. ಸ್ವಲ್ಪ ಮೀನು ಕೊಡಿ ಎಂದು.

ನಿನ್ನ ಅಪ್ಪ ಮರುದಿನ ಬೆಳಿಗ್ಗೆ ಚೀಲ ಹಿಡಿದು ಹೊರಟರು. ಮೀನಿನ ಸಾಲು ಬಂದರೆ ಮೂಗಿಗೆ ಕರವಸ್ತ್ರ ಒತ್ತಿಕೊಂಡು ರಸ್ತೆಯ ಆಚೆ ಬದಿಗೆ ದಾಟುವ ಮನುಷ್ಯ ಮೀನು ತಂದರು, ರಾಜು! ಅದಕ್ಕೆಂದೇ ಹೊಸ ಅಲ್ಯೂಮಿನಿಯಂ ಪಾತ್ರೆ ತಂದು, ಬಾಲ್ಕನಿಯಲ್ಲಿ ಸ್ಟವ್ ಇಟ್ಟು, ಅರಿಸಿನ ಹಾಕಿ ಬೇಯಿಸಿದರು. ಕನ್ನಡಕ ಏರಿಸಿಕೊಂಡು ಒಂದೊಂದೇ ಮುಳ್ಳು ಹೆಕ್ಕಿ ತೆಗೆದರು. ಮರಿ ಗಬಗಬನೆ ತಿಂದು ಅವರ ಕೈಯನ್ನೇ ನೆಕ್ಕಿತು.

ನಾನು ಬಾಗಿಲಲ್ಲಿ ನಿಂತಿದ್ದೆ. "ಎಂತ ನೋಡ್ತೀ? ಅದರ ಹುಟ್ಟಿಗೆ ಏನು ಬೇಕೋ ಅದನ್ನು ಕೊಡದಿದ್ದರೆ ನಮಗೆ ಪಾಪ ಬರ್ತದೆ" ಎಂದರು.

ನಾನು ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ. ನಿನ್ನ ಮದುವೆಯಲ್ಲಿ ಪಾರಮಿತಾಳ ತವರಿನವರು ಉಡುಗೊರೆಯ ತಟ್ಟೆಗಳನ್ನು ತಂದ ದಿನ ನನಗೆ ಮರೆತಿಲ್ಲ. ಸೀರೆ, ಸಂದೇಶ್ ಮಿಠಾಯಿ, ನಡುವಿನ ತಟ್ಟೆಯಲ್ಲಿ ಮದುಮಗಳಂತೆ ಸಿಂಗರಿಸಿದ ದೊಡ್ಡ ರುಯಿ ಮೀನು. ಕೆಂಪು ಬಟ್ಟೆ ಉಡಿಸಿ, ಮೂಗುತಿ ಇಟ್ಟಿದ್ದರು. ಅವರಿಗೆ ಅದು ಮಂಗಳಕರ. ನಿನ್ನ ಅಪ್ಪ ಬಾಗಿಲಿಗೆ ಕೈ ಅಡ್ಡ ಇಟ್ಟು ಆ ತಟ್ಟೆಯನ್ನು ಮಾತ್ರ ಹಿಂದಕ್ಕೆ ಕಳಿಸಿದರು. ತಟ್ಟೆ ಹಿಡಿದಿದ್ದ ಅವಳ ತಾಯಿ ಮೆಟ್ಟಿಲಿಳಿಯುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ. ಆ ವಾರವೇ ನೀವಿಬ್ಬರೂ ಮನೆ ಬಿಟ್ಟು ಹೊರಟಿರಿ.

ಮೊನ್ನೆ ಶೋಭನಾ ಬಂದು, "ಎಂತ ತೀರ್ಮಾನ ಮಾಡಿದ್ರಿ?" ಎಂದಳು. ಮರಿ ದುಂಡಗಾಗಿ ನಿನ್ನ ಅಪ್ಪನ ತೊಡೆಯ ಮೇಲೆ ಮಲಗಿತ್ತು. ಅವರು ಬಾಯಿ ತೆರೆಯುವ ಮೊದಲೇ ನಾನು, "ಈಗ ಬೇಡ, ನಾವು ಇನ್ನೂ ತಯಾರಿಲ್ಲ" ಎಂದೆ.

"ಯಾಕೆ? ತಿಂತಾ ಉಂಟಲ್ಲ, ಚೆಂದ ಉಂಟಲ್ಲ?" ಎಂದರು ಅಪ್ಪ, ಮಕ್ಕಳ ಹಾಗೆ.

"ಸೊಸೆಯ ಮೀನು ಹೊಸಿಲಿನಿಂದಲೇ ತಿರುಗಿ ಹೋದ ಮನೆ ಇದು. ಇಲ್ಲಿ ನಾಯಿಯ ಮೀನು ಬೇಯುವುದನ್ನು ನನಗೆ ನೋಡ್ಲಿಕ್ಕೆ ಆಗುವುದಿಲ್ಲ" ಎಂದೆ. ಶೋಭನಾ ಇದ್ದಾಳೆ ಎಂದೂ ನೋಡಲಿಲ್ಲ.

ಅವರು ಜಗಳ ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. ಮರಿಯನ್ನು ಪಂಚೆಯ ತುಂಡಿನಲ್ಲಿ ಸುತ್ತಿ, ಆ ಮೊಣಕಾಲಿನಲ್ಲೇ ಮೆಟ್ಟಿಲಿಳಿದು, ತಾವೇ ಶೋಭನಾಳ ಜೊತೆ ಆಟೋದಲ್ಲಿ ಹೋಗಿ ಬಿಟ್ಟುಬಂದರು. ಈಗ ಪಾತ್ರೆ ತೊಳೆದು ಬಾಲ್ಕನಿಯಲ್ಲಿ ಕವುಚಿ ಇಟ್ಟಿದ್ದಾರೆ. ಎಸೆಯುವುದೂ ಇಲ್ಲ, ಒಳಗೆ ತರುವುದೂ ಇಲ್ಲ. ನಿನ್ನೆ ಊಟಕ್ಕೆ ಕೂತವರು, "ಪಾರಮಿತಾಳ ತಾಯಿಯ ಹತ್ತಿರ ಹೋದರೆ ಬಾಗಿಲು ತೆಗೆದಾರಾ?" ಎಂದು ಕೇಳಿದರು. ನಾನು ಸಾರು ಬಡಿಸಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ನನ್ನ ಕೆಲಸ. ಆ ಮರಿ ನಮಗೇನು ಮಾಡಿತ್ತು? ಬೆಳಿಗ್ಗೆ ಹಾಲು ಕಾಯಿಸುವಾಗ ಅದರ ಪಾಲು ಈಗಲೂ ತೆಗೆದಿಡುತ್ತೇನೆ, ಆಮೇಲೆ ನಾನೇ ಕಾಫಿಗೆ ಸುರಿದುಕೊಳ್ಳುತ್ತೇನೆ. ತಿಂಗಳ ಕೊನೆಯವರೆಗೆ ಮರಿಯನ್ನು ಬೇರೆ ಯಾರಿಗೂ ಕೊಡುವುದಿಲ್ಲವೆಂದು ಶೋಭನಾ ಹೇಳಿದ್ದಾಳೆ.

ಹೊತ್ತಿಗೆ ಸರಿಯಾಗಿ ಊಟಮಾಡು, ಚಳಿಗೆ ಕಿವಿ ಮುಚ್ಚಿಕೋ. ಪಾರಮಿತಾಳಿಗೂ ಮಗುವಿಗೂ ನನ್ನ ತುಂಬು ಆಶೀರ್ವಾದ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅಮ್ಮ,
ಸುಗುಣಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದದ್ದು ಈಗ. ಶೋಭನಾ ಬರುವ ಹಿಂದಿನ ದಿನ ಮರಿಗೆ ಕುತ್ತಿಗೆಪಟ್ಟಿ ಕೊಳ್ಳಲು ಗರಿಯಾಹಾಟ್‌ಗೆ ಹೋಗಿದ್ದೆ. ಪಕ್ಕದ ಅಂಗಡಿಯಲ್ಲಿ ನೀವಿಬ್ಬರೂ ಆಚೆ ಮುಖಮಾಡಿ ಚಾದರ ಆರಿಸುತ್ತಿದ್ದಿರಿ. ಮಗು ನಿನ್ನ ಪ್ಯಾಂಟು ಹಿಡಿದುಕೊಂಡು ನನ್ನ ಕಡೆ ನೋಡುತ್ತಿತ್ತು. ಕೈಯಲ್ಲಿದ್ದ ಪಟ್ಟಿಗೆ ಬೆರಳು ತೋರಿಸಿ, "ತೋಮಾರ್ ಕುಕುರ್ ಆಛೇ?" ಎಂದಿತು. ನಿನ್ನ ಹತ್ತಿರ ನಾಯಿ ಇದೆಯಾ, ಎಂದು. ಬೀದಿಯ ಯಾವುದೋ ಅಜ್ಜಿಯನ್ನು ಕೇಳುವ ಹಾಗೆ. ನಾನು "ಆಛೇ" ಎಂದೆ. ಹೆಸರು ಹಿಡಿದು ಕರೆಯೋಣವೆಂದರೆ ನನ್ನ ಮೊಮ್ಮಗಳ ಹೆಸರೇ ನನಗೆ ಗೊತ್ತಿಲ್ಲ. ನೀನು ತಿರುಗುವಷ್ಟರಲ್ಲಿ ಜನರ ನಡುವೆ ಸೇರಿಕೊಂಡುಬಿಟ್ಟೆ.

ಅವಳ ಹೆಸರು ಬರೆದು ತಿಳಿಸು, ರಾಜು. ಮತ್ತೆ, ನಾಯಿ ಇದೆ ಎಂದು ಹೇಳಿಬಿಟ್ಟಿದ್ದೇನೆ. ತಿಂಗಳು ಮುಗಿಯುವುದರೊಳಗೆ ಅವಳು ಬರುತ್ತಾಳೆಂದು ಒಂದು ಮಾತು ಹೇಳಿದರೆ, ನಾನೇ ಹೋಗಿ ಮರಿಯನ್ನು ತರುತ್ತೇನೆ.