ಅನೀಲಕುಮಾರ ಸರ್ ಕೊಡದ ಉತ್ತರ

ಆಳಂದ
ರವಿವಾರ ಬೆಳಿಗ್ಗೆ

ಮಗಳು ಜಸ್ಮೀನಳಿಗೆ,

ನಿನ್ನ ಅನೀಲಕುಮಾರ ಸರ್ ಅವರ ಹೆಂಡತಿ ವಿಜಯಶ್ರೀ ಬರೆಯುತ್ತಿರುವ ಕಾಗದ ಇದು. ನಾವಿಬ್ಬರೂ ಮುಖ ನೋಡಿದವರಲ್ಲ. ಆದರೂ ನೀನು ಲಗ್ನದ ಮನೆಯಲ್ಲಿ ಯಾವ ಕೆಲಸದಲ್ಲಿದ್ದರೂ ಬಿಟ್ಟು, ಒಂದು ಕಡೆ ಕೂತು ಇದನ್ನು ಓದು. ಕಾಗದ ತಂದವನು ನಮ್ಮ ನೆರೆಮನೆಯ ಜಗದೇವ. ಟೆಂಪೋ ತೆಗೆದುಕೊಂಡು ಅಫಜಲಪುರಕ್ಕೆ ಹೊರಟಿದ್ದ. ಗೊಬ್ಬೂರಿನಲ್ಲಿ ಇಳಿದು, ಲಗ್ನದ ಮನೆ ಯಾವುದೆಂದು ಕೇಳಿ, ನಿನ್ನ ಕೈಗೇ ಕೊಡಬೇಕು ಎಂದು ಹೇಳಿ ಕಳಿಸಿದ್ದೇನೆ.

ಮೊದಲು ಕೆಲಸದ ಮಾತು. ನಾಳೆ ಜೇವರ್ಗಿಯ ದವಾಖಾನೆಯಲ್ಲಿ ನೀನು ಬರೆದ ಗುಳಿಗೆ ಚೀಟಿಯ ಕಂಪ್ಯೂಟರ್ ಪ್ರೋಗ್ರಾಮ್ ಚಾಲೂ ಆಗಬಾರದು. ಅದರಲ್ಲಿ ತಪ್ಪಿದೆ. ಒಬ್ಬ ರೋಗಿಯ ಗುಳಿಗೆಗಳು ಅವರ ನಂತರ ಬಂದವರ ಚೀಟಿಗೂ ಹೋಗುತ್ತವೆ. ಈ ಸಾಲು ಓದಿದ ಕೂಡಲೇ ಕಂಪೌಂಡರ್ ಸಿಕಂದರನಿಗೆ ಫೋನ್ ಮಾಡಿ ನಿಲ್ಲಿಸಲು ಹೇಳು. ನಂತರ ಮುಂದಕ್ಕೆ ಓದು. ಯಾಕೆ ಎಂದು ನೀನು ಕೇಳದೆ ಬಿಡುವವಳಲ್ಲ, ಅದು ನನಗೆ ಗೊತ್ತಿದೆ.

ಈಚೆಗೆ ನೀನು ಸರ್‌ಗೆ ಮೇಲಿನಲ್ಲಿ ಕೇಳಿದ ಪ್ರಶ್ನೆ ನೆನಪಿದೆಯೇ? "ಸರ್, ಪ್ರೋಗ್ರಾಮಿನ್ಯಾಗ ರೋಗಿ ಅನ್ನೋ ಕ್ಲಾಸ್ ಮಾಡೀನಿ. ಹೊಸಾ ರೋಗಿ ಬಂದಾಗ ಅವರ ಗುಳಿಗಿ ಪಟ್ಟಿ ಖಾಲಿ ಇರ್ಲಿ ಅಂತ ಶುರುವಿನ ಸಾಲಿನ್ಯಾಗ ಖಾಲಿ ಕಂಸ ಇಟ್ಟೀನಿ. ನಡೀತದೇನ್ರಿ?" ಅದಕ್ಕೆ ಬಂದ ಉತ್ತರ: ನಡೆಯುತ್ತದೆ. ಊಟಕ್ಕೆ ಬಂದ ಒಬ್ಬೊಬ್ಬರಿಗೂ ಹೊಸ ಬಾಳೆ ಎಲೆ ಹಾಕಿದ ಹಾಗೆ, ಒಬ್ಬೊಬ್ಬ ರೋಗಿಗೂ ಹೊಸ ಖಾಲಿ ಪಟ್ಟಿ ಸಿಗುತ್ತದೆ.

ಆ ಉತ್ತರ ತಪ್ಪು. ನೀನು ಬರೆಯುವ ಕಂಪ್ಯೂಟರ್ ಭಾಷೆ ಪೈಥಾನ್ ಆ ಖಾಲಿ ಪಟ್ಟಿಯನ್ನು ಒಂದೇ ಸಲ ಮಾಡುತ್ತದೆ. ಆ ಸಾಲನ್ನು ಮೊದಲು ಓದಿದಾಗ. ಆಮೇಲೆ ಎಷ್ಟು ಜನ ಬಂದರೂ ಎಲ್ಲರ ಮುಂದೆ ಅದನ್ನೇ ಇಡುತ್ತದೆ. ನಿಮ್ಮಲ್ಲಿ ಲಗ್ನದಲ್ಲಿ ದೊಡ್ಡ ತಾಟಿನ ಸುತ್ತ ಕೂತು ಒಂದರಲ್ಲೇ ಉಣ್ಣುತ್ತೀರಲ್ಲ, ಹಾಗೆ. ಒಬ್ಬರಿಗೆಂದು ಹಾಕಿದ್ದು ಎಲ್ಲರ ಕೈಗೂ ಸಿಗುತ್ತದೆ. ಅಲ್ಲಿ ಅದು ಪ್ರೀತಿ. ಗುಳಿಗೆಯಲ್ಲಿ ಅದು ವಿಷ.

ನೀನು ಪರೀಕ್ಷೆ ಮಾಡಿದಾಗ ಸರಿ ಬಂತೆಂದು ಬರೆದಿದ್ದೆ. ಬರಲೇಬೇಕು. ಒಂದು ಹೆಸರು ಹಾಕಿ ನೋಡಿ, ಮುಚ್ಚಿ, ಮತ್ತೆ ತೆರೆದು ಇನ್ನೊಂದು ಹೆಸರು ಹಾಕಿದ್ದೀಯ. ಮುಚ್ಚಿ ತೆರೆದರೆ ಪಟ್ಟಿಯೂ ಹೊಸದಾಗುತ್ತದೆ. ನಾಳೆ ಸಿಕಂದರ ಬೆಳಿಗ್ಗೆ ತೆರೆದದ್ದನ್ನು ಸಂಜೆಯವರೆಗೆ ಮುಚ್ಚುವುದಿಲ್ಲ. ಚೀಟಿಯಲ್ಲಿ ಬಂದದ್ದನ್ನು ನೋಡಿ ವಾರದ ಗುಳಿಗೆ ಪುಡಿಕೆ ಕಟ್ಟಿ ಕೊಡುತ್ತಾನೆ. ಹತ್ತನೆಯವರ ಚೀಟಿ ಉದ್ದವಾದಾಗ ಅವನಿಗೆ ಅನುಮಾನ ಬರಬಹುದು. ಎರಡನೆಯವರ ಚೀಟಿಗೆ ಒಂದೆರಡೇ ಗುಳಿಗೆ ಹೆಚ್ಚಾದರೆ ಯಾವ ಅನುಮಾನ ಬಂದೀತು?

ನಾಳೆಯ ಸರದಿಯನ್ನು ನೀನೇ ಬರೆದು ಕಳಿಸಿದ್ದೆ. ಮೊದಲು ಸಕ್ಕರೆ ಕಾಯಿಲೆಯ ಒಬ್ಬ ಮಾಸ್ತರರು. ಎರಡನೆಯ ಹೆಸರು ವಜೀರುನ್ನಿಸಾ, ನಿನ್ನ ಅಜ್ಜಿ, ನಾನಿ. "ನಮ್ಮ ನಾನಿಗೆ ಶುಗರ್ ಇಲ್ರಿ ಸರ್, ಬರೇ ಬಿ.ಪಿ. ಅದ, ಖರೇ ಬಾಯಿ ಮಾತ್ರ ಭಾಳ ಖಾರ" ಎಂದು ಬರೆದು ನಗಿಸಿದ್ದೆ. ಸಕ್ಕರೆ ಇಲ್ಲದವರಿಗೆ ಸಕ್ಕರೆ ಇಳಿಸುವ ಗುಳಿಗೆ ಕೊಟ್ಟರೆ ಏನಾಗುತ್ತದೆ ಎಂದು ಡಾಕ್ಟರರನ್ನು ಕೇಳು. ಇಷ್ಟಕ್ಕೂ ನಿನ್ನ ಸರ್ ಅವರಿಗೆ ಸಕ್ಕರೆ ಇದ್ದೂ, ಒಂದು ಸಲ ಊಟ ತಪ್ಪಿಸಿ ಗುಳಿಗೆ ನುಂಗಿ ಕೂತಿದ್ದರು. ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು. ನನ್ನ ಮುಖ ನೋಡಿ "ನೀವ್ ಯಾರ್ರಿ?" ಅಂದರು. ಹಲ್ಲಿನ ನಡುವೆ ಬೆಲ್ಲ ತುರುಕಿ ಅವರನ್ನು ವಾಪಸ್ ಕರೆತಂದೆ. ನಿನ್ನ ನಾನಿ ಮಧ್ಯಾಹ್ನ ಒಬ್ಬರೇ ಮನೆಯಲ್ಲಿ ಮಲಗುತ್ತಾರೆ ಎಂದೂ ನೀನೇ ಬರೆದಿದ್ದೆ.

ನಿನ್ನೆ ನನಗೆ ಈ ತಪ್ಪು ಗೊತ್ತಾಯಿತು. ನೀನು ಬುಧವಾರ ಕಳಿಸಿದ ಪ್ರೋಗ್ರಾಮನ್ನು ಓಡಿಸಿ ನೋಡಿದೆ. ರೋಗಿಯ ಹೆಸರು ಕೇಳಿತು. ಬೇರೆ ಯಾವ ಹೆಸರೂ ಹೊಳೆಯದೆ ಅನೀಲಕುಮಾರ ಎಂದು ಹೊಡೆದೆ, ಅವರ ಗುಳಿಗೆಗಳನ್ನೆಲ್ಲ ಹಾಕಿದೆ. ಅವು ನನಗೆ ಬಾಯಿಪಾಠ. ಆಮೇಲೆ ವಿಜಯಶ್ರೀ ಎಂದು ಹೊಡೆದು, ಏನೂ ಹಾಕದೆ ಚೀಟಿ ಕೇಳಿದೆ. ನನಗೆ ಯಾವ ಗುಳಿಗೆಯೂ ಇಲ್ಲ. ಪರದೆಯ ಮೇಲೆ ನನ್ನ ಹೆಸರಿನ ಕೆಳಗೆ ಅವರ ಗುಳಿಗೆಗಳೆಲ್ಲ ಸಾಲಾಗಿ ಬಂದವು.

ತಪ್ಪು ಎಂದು ತಿಳಿಯುವ ಮೊದಲು, ಒಂದು ಗಳಿಗೆ, ನನಗೆ ಸಂತೋಷವೇ ಆಯಿತು ಮಗಳೇ. ಆ ಸಂತೋಷ ಯಾಕೆ ಎಂದು ಮುಂದೆ ಓದಿದರೆ ನಿನಗೆ ತಿಳಿಯುತ್ತದೆ.

ನೀನು ಗೊಬ್ಬೂರಿಗೆ ಹೋಗುವೆ, ನಿನ್ನ ಗೆಳತಿ ಮಿನಾಜಳ ಲಗ್ನ ಮುಗಿಸಿ ಸೋಮವಾರ ಸಂಜೆ ಬರುವೆ, ಅಲ್ಲಿಯವರೆಗೆ ಮೇಲ್ ನೋಡಲು ಆಗುವುದಿಲ್ಲ ಎಂದು ಬರೆದಿದ್ದೆ. ಅದಕ್ಕೆ ನಿನ್ನೆ ದವಾಖಾನೆಗೇ ಫೋನ್ ಮಾಡಿದೆ. ನಂಬರು ಪ್ರೋಗ್ರಾಮ್ ತೋರಿಸಿದ ಚೀಟಿಯ ತಲೆಯ ಮೇಲಿತ್ತು. ಸಿಕಂದರ ಎತ್ತಿದ. ಡಾಕ್ಟರ್ ಸಾಹೇಬರು ಊರಲ್ಲಿಲ್ಲ, ಸೋಮವಾರ ಬರುತ್ತಾರೆ ಎಂದ. ಹೊಸ ಪ್ರೋಗ್ರಾಮಿನಲ್ಲಿ ತಪ್ಪಿದೆ, ಚಾಲೂ ಮಾಡಬೇಡಪ್ಪಾ ಎಂದೆ. ಅವನು ನಕ್ಕ.

"ಮಶೀನ್ ತಪ್ಪ್ ಮಾಡ್ತದೇನ್ರಿ ಅಮ್ಮಾ? ನಾ ಕೈಲೆ ಬರದಾಗ ತಪ್ಪ್ ಆಗ್ತದಂತ ಬೈಸ್ಕೊಂಡೇ ಇದು ತಂದದ್ದು. ಈಗ ಇದೂ ತಪ್ಪಂದ್ರ ನಾ ಏನ್ ಗಿಣಿಶಾಸ್ತ್ರ ಕೇಳಿ ಗುಳಿಗಿ ಕೊಡ್ಲಿ?"

ಜಸ್ಮೀನಳ ನಂಬರಾದರೂ ಕೊಡು ಎಂದೆ. ಗುರುತಿಲ್ಲದವರಿಗೆ ಹೆಣ್ಣುಮಗಳ ನಂಬರು ಕೊಡುವುದಿಲ್ಲ ಎಂದ. ಅದು ಸರಿಯೇ. ನೀವು ಯಾರು ಎಂದು ಕೇಳಿದ. ಅನೀಲಕುಮಾರ ಸರ್ ಮನೆಯಿಂದ ಎಂದೆ. ಅವನ ದನಿ ಒಮ್ಮೆಲೇ ಮೆತ್ತಗಾಯಿತು.

"ಅಯ್ಯ, ಮೊದಲ ಹೇಳಬಾರ್ದೇನ್ರಿ ಅಕ್ಕೋರೆ! ಜಸ್ಮೀನ ದಿನಾ ಅವರದೇ ಹೆಸರು ಹೇಳ್ತಾಳ. ಸರ್ ಕೈಗೆ ಫೋನ್ ಕೊಡ್ರಿ. ಅವರ ಬಾಯಿಂದ ಒಂದ್ ಮಾತ್ ಬಂದ್ರ ಈಗ್ಲೇ ಬಂದ್ ಮಾಡ್ತೇನಿ."

ನಾನು ಫೋನ್ ಇಟ್ಟೆ.

ಜಸ್ಮೀನ, ಸರ್ ಇಲ್ಲ. ಯುಗಾದಿ ಮುಗಿದ ವಾರ ಚಹಾ ಕುಡಿಯುತ್ತ ಕೂತವರು ಹಾಗೇ ಗೋಡೆಗೆ ಒರಗಿದರು. ಬಸಿ ಕೈಯಲ್ಲೇ ಇತ್ತು. ಆಮೇಲೆ ನಿನಗೆ ಬಂದ ಉತ್ತರಗಳೆಲ್ಲ ನಾನು ಬರೆದವು.

ನಾನು ಹತ್ತನೆಯ ಇಯತ್ತೆಯವರೆಗೆ ಓದಿದವಳು. ಅವರಿಗೆ ಕಣ್ಣು ಮಂಜಾದ ಮೇಲೆ, ನಿಮ್ಮಂಥ ಕಲಿಯುವವರ ಪ್ರಶ್ನೆಗಳನ್ನು ನಾನು ಓದಿ ಹೇಳುತ್ತಿದ್ದೆ, ಅವರು ಹೇಳಿದ್ದನ್ನು ಬರೆಯುತ್ತಿದ್ದೆ. ಪ್ರಶ್ನೆಗಳು ತಿರುತಿರುಗಿ ಅವೇ ಬರುತ್ತಿದ್ದವು. ಪ್ರೋಗ್ರಾಮಿನ ಕ್ಲಾಸ್ ಎಂಬ ಅಚ್ಚಿನೊಳಗೆ ಪ್ರತಿ ಕಡೆ ಸೆಲ್ಫ್, ಅಂದರೆ ತಾನು, ಎಂದು ಯಾಕೆ ಬರೆಯಬೇಕು? "ಏ ವಿಜಿ, ಬರ್ಕೋ. ಹೆಸರು ಹೇಳಲಾರದ ಬಾಗಿಲಾ ಬಡದ್ರ ಯಾರ್ ಬಂದಾರಂತ ತಗೀಬೇಕು?" ಸಮ ಚಿಹ್ನೆ ಕೆಲವು ಕಡೆ ಒಂದು, ಕೆಲವು ಕಡೆ ಎರಡು ಯಾಕೆ? "ಒಂದು ಕೊಡೂದು, ಎರಡು ಕೇಳೂದು. ಕೊಡಾವ್ರು ಸಪ್ಪಳ ಮಾಡಂಗಿಲ್ಲ, ಕೇಳಾವ್ರು ಎರಡ್ ಸಲ ಕೇಳ್ತಾರ." ಸಾಲು ಒಳಕ್ಕೆ ಸರಿಯದಿದ್ದರೆ ಪ್ರೋಗ್ರಾಮ್ ಯಾಕೆ ತಕರಾರು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ಸಿಟ್ಟಿಗೇಳುತ್ತಿದ್ದರು. "ಅವ್ವನ ಮಗ್ಗುಲಾಗ ಕೂಸು ಮಲಗ್ತದ, ಓಣ್ಯಾಗಲ್ಲ ಅಂತ ಬರಿ" ಎನ್ನುತ್ತಿದ್ದರು. ನಾನು ನಗುತ್ತ ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಬರೆಯುತ್ತಿದ್ದೆ. ಹೀಗೆ ಬರೆಯುತ್ತ ಬರೆಯುತ್ತ ನನಗೂ ಅಷ್ಟಿಷ್ಟು ಬಂತು. ಬಂತು ಎಂದುಕೊಂಡೆ.

ಅವರಿಗೆ ಮಣ್ಣು ಕೊಟ್ಟು, ಮನೆ ತುಂಬಿದ್ದ ಜನ ಒಬ್ಬೊಬ್ಬರಾಗಿ ಹೋದ ಮೇಲೆ ನಿನ್ನ ಮೇಲ್ ನೋಡಿದೆ. "ಸರ್, ಉತ್ತರ ಬಂದಿಲ್ರಿ. ಆರಾಮ ಇದ್ದೀರೇನ್ರಿ?" ಎಂದು ಕೇಳಿದ್ದೆ. ಹೇಳಬೇಕೆಂದೇ ಕೂತೆ. ಕೈ ಮಾತ್ರ "ಆರಾಮ ಇದ್ದೇನೆ" ಎಂದು ಬರೆಯಿತು. ಬರೆದು ಕಳಿಸಿದ ಮೇಲೆ, ಅವರು ಒಳಗಿನ ಖೋಲಿಯಲ್ಲಿ ಗಂಟಲು ಸರಿಮಾಡಿಕೊಂಡು ಮುಂದಿನ ಪ್ರಶ್ನೆಗೆ ಕಾಯುತ್ತಿದ್ದಾರೆ ಅನಿಸಿತು. ಆಳಂದದಲ್ಲಿ ಎಲ್ಲರಿಗೂ ಅವರು ಇಲ್ಲವಾಗಿದ್ದರು. ನಿನ್ನೊಬ್ಬಳಿಗೆ ಇದ್ದರು. ನೀನು ಫೋನ್ ನಂಬರು ಕೇಳಿದಾಗಲೆಲ್ಲ ನಾನು ಮಾತು ಮರೆಸಿದ್ದು ಅದಕ್ಕೇ. ನನ್ನ ದನಿ ಕೇಳಿದರೆ ನಿನಗೂ ಇಲ್ಲವಾಗಿಬಿಡುತ್ತಿದ್ದರು.

ಬೇರೆ ಪ್ರಶ್ನೆಗಳಿಗೆ ಅವರು ಹೇಳಿದ್ದನ್ನೇ ನೆನಪಿನಿಂದ ಬರೆದೆ. ಖಾಲಿ ಪಟ್ಟಿಯ ಪ್ರಶ್ನೆಗೆ ಅವರು ಏನು ಹೇಳುತ್ತಿದ್ದರೋ ನನಗೆ ನೆನಪಾಗಲಿಲ್ಲ. ಗೊತ್ತಿಲ್ಲ ಎಂದು ಬರೆಯಬೇಕಿತ್ತು. ಅನೀಲಕುಮಾರ ಸರ್ ಗೊತ್ತಿಲ್ಲ ಎಂದರೆ ನಿನಗೆ ಅನುಮಾನ ಬಂದೀತೆಂದು ಬಾಳೆ ಎಲೆಯ ಮಾತು ಹುಟ್ಟಿಸಿದೆ. ಚೆನ್ನಾಗಿ ಬಂತೆಂದು ಒಳಗೊಳಗೇ ಖುಷಿಯನ್ನೂ ಪಟ್ಟೆ. ಅವರಾಗಿದ್ದರೆ ಉಪಮಾನ ಕೊಡುವ ಮೊದಲು "ಓಡಿಸಿ ನೋಡಿದೇನು?" ಎಂದು ಕೇಳುತ್ತಿದ್ದರು. ಈ ಪಟ್ಟಿಯ ಕಲ್ಲು ಈ ಭಾಷೆ ಕಲಿಯುವ ಎಲ್ಲರೂ ಎಡವುವ ಕಲ್ಲಂತೆ. ಅವರಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ. ಹಾಗಾಗಿ ನಿನ್ನ ಮನಸ್ಸಿನಲ್ಲಿ ಸರ್ ತಪ್ಪು ಹೇಳಿದರು ಎಂದು ಉಳಿಯಬಾರದು. ಅವರು ಆ ಉತ್ತರ ಕೊಟ್ಟಿಲ್ಲ.

ತಿದ್ದುವುದು ಕಷ್ಟವಿಲ್ಲ. ಶುರುವಿನ ಸಾಲಿನಲ್ಲಿ ಖಾಲಿ ಕಂಸ ತೆಗೆದು ಇಂಗ್ಲಿಷಿನಲ್ಲಿ None ಎಂದು ಬರೆ, ಅಂದರೆ ಏನೂ ಇಲ್ಲ ಎಂದು. ಒಳಗೆ ಬಂದ ಮೇಲೆ, ಪಟ್ಟಿ None ಆಗಿದ್ದರೆ ಅಲ್ಲೇ ಹೊಸ ಖಾಲಿ ಪಟ್ಟಿ ಮಾಡು. ಈ ಸಲ ನಾನು ಓಡಿಸಿ ನೋಡಿದ್ದೇನೆ. ವಿಜಯಶ್ರೀಯ ಚೀಟಿ ಖಾಲಿ ಬಂತು. ಆದರೂ ನನ್ನ ಮಾತು ನಂಬಬೇಡ. ಪ್ರೋಗ್ರಾಮ್ ಮುಚ್ಚದೆ, ಒಬ್ಬರ ಹಿಂದೆ ಒಬ್ಬರನ್ನು ಹಾಕಿ ನೀನೇ ನೋಡು. ಡಾಕ್ಟರರಿಗೂ ತೋರಿಸು. ಅವರು ಹೂಂ ಎನ್ನುವವರೆಗೆ ಸಿಕಂದರ ಕೈಯಿಂದಲೇ ಬರೆಯಲಿ, ಬೈಸಿಕೊಂಡರೂ ಚಿಂತೆಯಿಲ್ಲ.

ಜಗದೇವನ ಜೊತೆ ನಾನೂ ಬರಬಹುದಿತ್ತು. ಆದರೆ ಅವನಿಗೆ ನೀನು ಸಿಗದೆ ಹೋದರೆ? ಲಗ್ನದ ಗದ್ದಲದಲ್ಲಿ ಕಾಗದ ಯಾರದೋ ಚೀಲ ಸೇರಿದರೆ? ಅದಕ್ಕೆ ನಾನು ಜೇವರ್ಗಿಯ ಬಸ್ಸು ಹತ್ತುತ್ತೇನೆ. ಅಲ್ಲಿ ಮಠದಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಇದ್ದು, ನಾಳೆ ದವಾಖಾನೆಯ ಬಾಗಿಲು ತೆಗೆಯುವ ಮೊದಲು ಅದರ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಬಿಳಿ ಹೂವಿನ ನೀಲಿ ಸೀರೆ. ಸಿಕಂದರ ಮತ್ತೆ ಸರ್ ಕೈಗೆ ಫೋನ್ ಕೊಡಿ ಎಂದರೆ, ಅವನ ಮುಖ ನೋಡಿ, ಅವರು ಸತ್ತಿದ್ದಾರೆ ಎಂದು ಹೇಳುತ್ತೇನೆ. ಇದುವರೆಗೆ ಆ ಶಬ್ದ ನನ್ನ ಬಾಯಿಂದ ಬಂದಿಲ್ಲ. ಲಿಂಗೈಕ್ಯರಾದರು, ಹೋದರು, ಎಂದೇ ಹೇಳುತ್ತ ಬಂದಿದ್ದೇನೆ. ನಾಳೆ ಹೇಳುತ್ತೇನೆ.

ನೀನು ನನ್ನ ಮೇಲೆ ಸಿಟ್ಟಾಗು, ಅದಕ್ಕೆ ನಿನಗೆ ಹಕ್ಕಿದೆ. ಆದರೆ ಮೊದಲು ಫೋನ್ ಮಾಡು. ನಿನ್ನ ತಾಯಿ ಪ್ಯಾರಿಬಿಯವರಿಗೂ ಹೇಳು, ನಾಳೆ ನಾನಿಯನ್ನು ದವಾಖಾನೆಗೆ ಕರೆತರುವುದು ಬೇಡ.

ನಿನ್ನ ಸರ್ ಅವರ ಮನೆಯಾಕೆ,
ವಿಜಯಶ್ರೀ

ತಾ.ಕ.: ತಪ್ಪು ನಿನ್ನೆ ಗೊತ್ತಾಯಿತು ಎಂದು ಮೇಲೆ ಬರೆದದ್ದು ಸುಳ್ಳು. ಗೊತ್ತಾದದ್ದು ಗುರುವಾರ. ಆಗ ನೀನು ಇನ್ನೂ ಜೇವರ್ಗಿಯಲ್ಲೇ ಇದ್ದೆ, ಮೇಲ್ ನೋಡುತ್ತಿದ್ದೆ. "ಮೊನ್ನೆ ನಾನು ಹೇಳಿದ್ದು ತಪ್ಪು, ಆ ಸಾಲು ಬದಲಿಸು" ಎಂದು ಒಂದು ಮಾತು ಸಾಕಿತ್ತು. ಬರೆದೆ ಕೂಡ. ಕೆಳಗೆ ಅವರ ಹೆಸರು ಹಾಕಲು ಮನಸ್ಸು ಬರಲಿಲ್ಲ. ಬದುಕಿದ್ದಾಗ ಮಾಡದ ತಪ್ಪನ್ನು ಈಗ ಅವರ ತಲೆಗೆ ಹೇಗೆ ಕಟ್ಟಲಿ? ನನ್ನ ಹೆಸರು ಹಾಕಿದರೆ ಅವರಿಲ್ಲ ಎಂದು ನಿನಗೆ ಹೇಳಬೇಕಾಗುತ್ತಿತ್ತು. ಯಾವ ಹೆಸರೂ ಹಾಕಲಾಗದೆ, ಕಳಿಸದೆ ಕೂತೆ. ಶುಕ್ರವಾರ ನೀನು ಗೊಬ್ಬೂರಿಗೆ ಹೋದೆ. ನಾಳೆ ಯಾರಿಗಾದರೂ ಏನಾದರೂ ಆದರೆ, ಡಾಕ್ಟರರ ಮುಂದೆ ನನ್ನ ಹೆಸರನ್ನೇ ಹೇಳು.